ವೈಫೈ ಮೇಲೆ ಹಂಚಿಟ್ಟ ಭಾಷಾ ಮಾದರಿ: ಬೆಂಗಳೂರಿನ ವಿಜಯನಗರದ ಮನೆಯೊಂದರ ಕೆಲಸದ ದಾಖಲೆ

ನಮ್ಮ ತಂದೆಯವರು ನಿವೃತ್ತ ಪ್ರೌಢಶಾಲಾ ಕನ್ನಡ ಅಧ್ಯಾಪಕರು. ಪಿಂಚಣಿ, ಬ್ಯಾಂಕು, ವಿಮೆ ಎಂದು ತಿಂಗಳಿಗೆ ನಾಲ್ಕಾರು ಇಂಗ್ಲಿಷ್ ಪತ್ರಗಳು ಅವರ ಹೆಸರಿಗೆ ಬರುತ್ತವೆ. ಅವುಗಳ ತಿರುಳನ್ನು ಸರಳ ಕನ್ನಡದಲ್ಲಿ ಹೇಳುವ ಕೆಲಸ ಇಷ್ಟು ವರ್ಷ ನನ್ನದಾಗಿತ್ತು. ಅದನ್ನು ಯಾವುದಾದರೂ ಭಾಷಾ ಮಾದರಿಗೆ, ಅಂದರೆ ಪಠ್ಯ ಓದಿ ಉತ್ತರ ಬರೆಯುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ, ಒಪ್ಪಿಸೋಣವೆಂದರೆ, ಖಾತೆ ಸಂಖ್ಯೆಯೂ ವಿಳಾಸವೂ ಇರುವ ಕಾಗದವನ್ನು ಯಾರದೋ ಕಂಪ್ಯೂಟರಿಗೆ ಕಳುಹಿಸುವುದಕ್ಕೆ ಅವರ ಒಪ್ಪಿಗೆ ಇರಲಿಲ್ಲ. "ಮನೆಯ ಕಾಗದವನ್ನು ಮನೆಯಲ್ಲೇ ಓದಿಸಪ್ಪ" ಎಂದರು. ಮಾತು ನ್ಯಾಯವಾದದ್ದೇ. ಮನೆಯಲ್ಲಿ ಅದಾಗಲೇ ಬೇರೆ ಬೇರೆ ಕೆಲಸಗಳಿಗೆಂದು ತಂದಿಟ್ಟಿದ್ದ ಸಣ್ಣ ಕಂಪ್ಯೂಟರುಗಳನ್ನೇ ವೈಫೈ ಮೂಲಕ ಜೊತೆಗೂಡಿಸಿ ಒಂದು ದೊಡ್ಡ ಮಾದರಿಯನ್ನು ನಡೆಸಬಹುದೇ ಎಂದು ನೋಡಲು ಕಳೆದ ಏಪ್ರಿಲ್‌ನಲ್ಲಿ ಹೊರಟೆ. ಅದರಲ್ಲಿ ಏನು ಕೂಡಿತು, ಏನು ಕೂಡಲಿಲ್ಲ ಎಂಬುದನ್ನು, ನಾನು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಇಟ್ಟುಕೊಂಡು ಇಲ್ಲಿ ದಾಖಲಿಸುತ್ತಿದ್ದೇನೆ.

ಕೈಯಲ್ಲಿದ್ದ ಸಾಮಗ್ರಿ ಇಷ್ಟು. 8 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ 5 (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಒಂದು, ಇದು ನನ್ನ ಕೆಲಸದ ಮೇಜಿನ ಮೇಲಿತ್ತು. 4 ಜಿಬಿಯ ಇನ್ನೊಂದು ಪೈ 5, ಇದು ಹಾಲ್‌ನಲ್ಲಿ ಟಿವಿಯ ಹಿಂದೆ ಕುಳಿತು ಹಳೆಯ ಫೋಟೋಗಳನ್ನೂ ವಿಡಿಯೋಗಳನ್ನೂ ತೋರಿಸುತ್ತಿತ್ತು. 4 ಜಿಬಿಯ ಪೈ 4 ಒಂದು, ಇದು ಕೆಳಗಡೆ ಮೆಟ್ಟಿಲ ಸಂದಿಯಲ್ಲಿ, ಮೋಟರ್ ಸ್ವಿಚ್ಚಿನ ಪಕ್ಕದಲ್ಲಿದ್ದು ಸಂಪಿನ ನೀರಿನ ಮಟ್ಟವನ್ನು ಅಳೆಯುತ್ತಿತ್ತು. ಇವುಗಳ ಜೊತೆಗೆ, ಪರದೆಯ ಮೂಲೆ ಒಡೆದಿದ್ದ 6 ಜಿಬಿಯ ಹಳೆಯ ಆಂಡ್ರಾಯ್ಡ್ ಫೋನು. ಎಲ್ಲಕ್ಕೂ ಕೇಬಲ್ ಎಳೆದುಬಿಟ್ಟರೆ ಮುಗಿಯಿತಲ್ಲ ಎಂದು ಓದುಗರು ಕೇಳಬಹುದು. ನಮ್ಮದು ಬಾಡಿಗೆ ಮನೆ, ಗೋಡೆಗೆ ಡ್ರಿಲ್ ಮುಟ್ಟಿಸಕೂಡದು ಎಂಬುದು ಮಾಲೀಕರ ಮೊದಲ ಷರತ್ತು. ಮೇಲಾಗಿ ಈ ಯಂತ್ರಗಳಿಗೆಲ್ಲ ತಂತಮ್ಮ ಜಾಗದಲ್ಲಿ ಮಾಡಬೇಕಾದ ಬೇರೆ ಕೆಲಸವಿದ್ದುದರಿಂದ ಎಲ್ಲವನ್ನೂ ಒಂದೇ ಮೇಜಿಗೆ ತರುವಂತಿರಲಿಲ್ಲ.

ಮಾದರಿಯ ಆಯ್ಕೆಯಲ್ಲಿ ಕನ್ನಡವೇ ನಿರ್ಣಾಯಕವಾಯಿತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಖ್ಯೆಗಳಾಗಿ ಇಡುವ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕ್ಷ' ಎಂಬ ಒಂದೇ ಅಕ್ಷರ ಒಳಗಡೆ ಮೂರು ಸಂಕೇತಗಳಾಗಿ 9 ಬೈಟ್ ತಿನ್ನುತ್ತದೆ. ಮಾದರಿಯ ಶಬ್ದಭಂಡಾರದಲ್ಲಿ ಕನ್ನಡದ ತುಣುಕುಗಳು ಕಡಿಮೆಯಿದ್ದರೆ ಪದಗಳು ಬೈಟುಗಳ ಮಟ್ಟಕ್ಕೆ ಚೂರುಚೂರಾಗುತ್ತವೆ, ಒಂದೊಂದು ಚೂರಿಗೂ ಇಡೀ ಮಾದರಿ ಒಮ್ಮೆ ಓಡಬೇಕಾಗುತ್ತದೆ. ಈ ಚೂರುಗಳನ್ನೇ ಟೋಕನ್ ಎನ್ನುವುದು. ಮೆಟಾ ಕಂಪನಿಯ ಲಾಮಾ 3 ಎಂಬ ಮಾದರಿಯ ಶಬ್ದಭಂಡಾರ ಸುಮಾರು 1.28 ಲಕ್ಷ ಟೋಕನ್‌ಗಳದ್ದು. ಗೂಗಲ್ 2025ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಜೆಮ್ಮಾ 3ರದ್ದು ಸುಮಾರು 2.62 ಲಕ್ಷ. ತಂದೆಯವರ ಒಂದು ಪತ್ರದ ಕನ್ನಡ ಸಾರಾಂಶವನ್ನು ಎರಡರಲ್ಲೂ ಟೋಕನ್ ಮಾಡಿ ನೋಡಿದಾಗ ಜೆಮ್ಮಾಗೆ ಪದವೊಂದಕ್ಕೆ ಮೂರರಿಂದ ನಾಲ್ಕು ಟೋಕನ್ ಸಾಕಾಯಿತು, ಲಾಮಾಗೆ ಅದರ ಎರಡು ಪಟ್ಟಿಗೂ ಮಿಕ್ಕಿ ಬೇಕಾಯಿತು. ಟೋಕನ್ ಒಂದಕ್ಕೆ ಒಂದು ಸೆಕೆಂಡ್ ಹಿಡಿಯುವ ಯಂತ್ರಗಳಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. ಜೆಮ್ಮಾದ 400 ಕೋಟಿ ನಿಯತಾಂಕಗಳ (ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಮಾದರಿ ಒಂದೇ ಪೈನಲ್ಲಿ ಸಲೀಸಾಗಿ ಓಡುತ್ತದೆ, ಆದರೆ ಅದರ ಕನ್ನಡದಲ್ಲಿ ವಿಭಕ್ತಿಗಳು ತಪ್ಪುತ್ತಿದ್ದವು, ಒಮ್ಮೊಮ್ಮೆ ಪತ್ರದಲ್ಲಿಲ್ಲದ ದಿನಾಂಕವೂ ಉತ್ತರದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕನ್ನಡ ಮೇಷ್ಟರ ಮುಂದೆ ಇಡುವ ಸರಕಲ್ಲ ಅದು. 1200 ಕೋಟಿ ನಿಯತಾಂಕಗಳ ಮಾದರಿಯ ಕನ್ನಡ ಒಪ್ಪುವಂತಿತ್ತು.

ತೊಡಕು ಶುರುವಾದದ್ದು ಅಲ್ಲೇ. ಪ್ರತಿ ನಿಯತಾಂಕವನ್ನೂ ಸುಮಾರು 4 ರಿಂದ 5 ಬಿಟ್‌ಗೆ ಇಳಿಸಿದ ಮೇಲೂ ಈ ಮಾದರಿಯ ಕಡತ ಸುಮಾರು 7.3 ಜಿಬಿ ತೂಗುತ್ತದೆ. ಆಪರೇಟಿಂಗ್ ಸಿಸ್ಟಂಗೆ ಒಂದು ಪಾಲು, ಈವರೆಗಿನ ಮಾತುಕತೆಯನ್ನು ನೆನಪಿಟ್ಟುಕೊಳ್ಳುವ ಸಂಗ್ರಹಕ್ಕೆ ಇನ್ನೊಂದು ಪಾಲು ಕೊಟ್ಟ ಮೇಲೆ 8 ಜಿಬಿಯ ಪೈನಲ್ಲಿ ಅದಕ್ಕೆ ಜಾಗವಿಲ್ಲ. ಆದರೂ ಹಟ ಹಿಡಿದು ನಡೆಸಿದಾಗ ಜಾಗ ಸಿಗದ ಭಾಗವನ್ನು ಅದು ಪ್ರತಿ ಟೋಕನ್‌ಗೂ ಮೆಮೊರಿ ಕಾರ್ಡ್‌ನಿಂದ ಮತ್ತೆ ಮತ್ತೆ ಓದತೊಡಗಿತು, ಒಂದು ಟೋಕನ್ ಬರಲು ಅರ್ಧ ನಿಮಿಷ ಕಾಯಬೇಕಾಯಿತು. ಹಂಚುವುದು ಅನಿವಾರ್ಯವೆಂದು ನನಗೆ ಮನದಟ್ಟಾದದ್ದು ಆ ಸಂಜೆ.

ಹಂಚುವುದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಮಾದರಿಯ ಪದರಗಳನ್ನು (ಒಂದಾದ ಮೇಲೊಂದು ನಡೆಯುವ ಲೆಕ್ಕದ ಹಂತಗಳನ್ನು) ಸಾಲಾಗಿ ಹಂಚಲಾಗುತ್ತದೆ: ಜೆಮ್ಮಾದ ಈ ಮಾದರಿಯಲ್ಲಿರುವ 48 ಪದರಗಳಲ್ಲಿ ಮೊದಲ ಮೂವತ್ತು ಒಂದು ಯಂತ್ರದಲ್ಲಿ, ಉಳಿದ ಹದಿನೆಂಟು ಇನ್ನೊಂದರಲ್ಲಿ ಎಂಬಂತೆ. ಒಂದು ಯಂತ್ರ ತನ್ನ ಪಾಲನ್ನು ಮುಗಿಸಿ ಫಲಿತಾಂಶವನ್ನು ಮುಂದಿನದಕ್ಕೆ ದಾಟಿಸುತ್ತದೆ, ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತು ಗಾರೆಯ ಬಾಣಲಿ ದಾಟಿಸುವ ಹಾಗೆ. ಎರಡನೆಯದರಲ್ಲಿ ಪ್ರತಿಯೊಂದು ಪದರವನ್ನೂ ಉದ್ದಕ್ಕೆ ಸೀಳಿ ಎಲ್ಲ ಯಂತ್ರಗಳಿಗೂ ಒಂದೊಂದು ತುಂಡು ಕೊಡಲಾಗುತ್ತದೆ. ಎಲ್ಲವೂ ಏಕಕಾಲಕ್ಕೆ ದುಡಿಯುತ್ತವೆ, ಆದರೆ ಪದರಕ್ಕೆ ಎರಡು ಬಾರಿಯಂತೆ ತಂತಮ್ಮ ಉತ್ತರಗಳನ್ನು ಪರಸ್ಪರ ಕೂಡಿಸಿಕೊಂಡ ಹೊರತು ಮುಂದುವರಿಯುವಂತಿಲ್ಲ. ಮೊದಲ ಬಗೆಯಲ್ಲಿ ಜಾಗ ಸಿಗುತ್ತದೆಯೇ ಹೊರತು ವೇಗ ಸಿಗುವುದಿಲ್ಲ, ಏಕೆಂದರೆ ಒಬ್ಬನೇ ಬಳಕೆದಾರನಿರುವಾಗ ಒಂದು ಯಂತ್ರ ದುಡಿಯುವ ಹೊತ್ತಿನಲ್ಲಿ ಉಳಿದವು ಕೈಕಟ್ಟಿ ಕುಳಿತಿರುತ್ತವೆ. ಎರಡನೆಯದು ವೇಗವನ್ನೂ ಕೊಡಬಲ್ಲದು, ಆದರೆ ಅದು ನಡುವಿನ ತಂತಿಯನ್ನು, ನಮ್ಮಲ್ಲಾದರೆ ಗಾಳಿಯನ್ನು, ಅವಲಂಬಿಸಿದೆ.

ಮೊದಲ ಬಗೆಯಿಂದ ಆರಂಭಿಸಿದೆ. ಗ್ಯೋರ್ಗಿ ಗೆರ್ಗಾನೊವ್ 2023ರ ಮಾರ್ಚ್‌ನಲ್ಲಿ ಆರಂಭಿಸಿದ ಲಾಮಾ ಸಿಪಿಪಿ ಎಂಬ ಮುಕ್ತ ತಂತ್ರಾಂಶದಲ್ಲಿ 2024ರಿಂದ ದೂರದ ಯಂತ್ರವೊಂದಕ್ಕೆ ಲೆಕ್ಕ ವಹಿಸುವ ಸೌಲಭ್ಯ ಸೇರಿದೆ. ಸಹಾಯಕ ಯಂತ್ರದಲ್ಲಿ ಒಂದು ಚಿಕ್ಕ ಸರ್ವರ್ ನಡೆಸಿ, ಮುಖ್ಯ ಯಂತ್ರಕ್ಕೆ ಅದರ ವಿಳಾಸವನ್ನೂ ಕೊನೆಯ ಎಷ್ಟು ಪದರಗಳನ್ನು ಅಲ್ಲಿಗೆ ಕಳುಹಿಸಬೇಕು ಎಂಬುದನ್ನೂ ತಿಳಿಸಿದರೆ ಆಯಿತು. ನಾನು ಮೂಲ ಕಡತಗಳಿಂದಲೇ (ಸೋರ್ಸ್ ಕೋಡ್‌ನಿಂದ) ಕಟ್ಟಿಕೊಂಡೆ; ಹಾಗೆ ಕಟ್ಟುವಾಗ ಈ ಸೌಲಭ್ಯವನ್ನು ಆರಿಸಿಕೊಳ್ಳಬೇಕು, ಮತ್ತು ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ ಇರಬೇಕು. ಪೈ 4ರಲ್ಲಿ ವಾರದ ಹಿಂದಿನ ಆವೃತ್ತಿ ಉಳಿದುಹೋಗಿ ಒಂದು ಸಂಜೆ ಪೂರ್ತಿ ಹಾಳಾದದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ಎಚ್ಚರಿಕೆ ಆ ತಂತ್ರಾಂಶದ ಕೈಪಿಡಿಯಲ್ಲೇ ಇದೆ: ಈ ಸರ್ವರ್‌ಗೆ ಯಾವ ರಕ್ಷಣೆಯೂ ಇಲ್ಲ, ತೆರೆದ ಜಾಲದಲ್ಲಿ ಇದನ್ನು ಎಂದಿಗೂ ನಡೆಸಬಾರದು. ಅದನ್ನೋದಿ ಹೆದರಿ ಸಹಾಯಕರನ್ನೆಲ್ಲ ರೂಟರಿನ ಅತಿಥಿ ಜಾಲಕ್ಕೆ ಸೇರಿಸಿದೆ. ಅತಿಥಿ ಜಾಲದಲ್ಲಿ ಒಂದು ಯಂತ್ರ ಇನ್ನೊಂದನ್ನು ಕಾಣದಂತೆ ರೂಟರ್ ತಡೆಯುತ್ತದೆ ಎಂಬುದು ಆಮೇಲೆ ಹೊಳೆಯಿತು. ಕೊನೆಗೆ ಮನೆಯ ಜಾಲದಲ್ಲೇ ಇಟ್ಟು, ಸಹಾಯಕರ 50052ನೇ ಪೋರ್ಟ್ ಮುಖ್ಯ ಪೈಗೆ ಮಾತ್ರ ತೆರೆದಿರುವಂತೆ ಫೈರ್‌ವಾಲ್ ಹಾಕಿದೆ.

ಕೆಲಸಕ್ಕೆ ಇಳಿಯುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಹಾಕಿದ್ದೆ. ಒಂದು ಟೋಕನ್ ಹೊರಬರಬೇಕಾದರೆ ಮಾದರಿಯ ಎಲ್ಲ ತೂಕಾಂಕಗಳನ್ನೂ, ಅಂದರೆ ಆ ನಿಯತಾಂಕಗಳನ್ನೂ, ಮೆಮೊರಿಯಿಂದ ಒಮ್ಮೆ ಓದಲೇಬೇಕು, ಹಾಗಾಗಿ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಮೆಮೊರಿಯ ಹರಿವು. ಪೈ 5ರ ಮೆಮೊರಿ ಕಾಗದದ ಮೇಲೆ ಸೆಕೆಂಡಿಗೆ ಸುಮಾರು 17 ಜಿಬಿ ಕೊಡಬಲ್ಲದು. ಕೈಗೆ ಸಿಗುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. 7.3 ಜಿಬಿಯನ್ನು ಸೆಕೆಂಡಿಗೆ 9 ಜಿಬಿಯಂತೆ ಓದಿದರೆ ಟೋಕನ್‌ಗೆ ಸುಮಾರು 0.8 ಸೆಕೆಂಡ್. ಇನ್ನು ಗಾಳಿಯ ಮೇಲೆ ಸಾಗಬೇಕಾದದ್ದು: ಈ ಮಾದರಿಯ ಪದರಗಳ ನಡುವೆ ದಾಟುವುದು 3840 ಸಂಖ್ಯೆಗಳ ಒಂದು ಸಾಲು, ಸಂಖ್ಯೆಗೆ 4 ಬೈಟ್‌ನಂತೆ 15 ಕಿಲೋಬೈಟ್. ಹೋಗುವುದಕ್ಕೊಮ್ಮೆ, ಬರುವುದಕ್ಕೊಮ್ಮೆ, ಒಟ್ಟು 30 ಕಿಲೋಬೈಟ್. ವೈಫೈಗೆ ಇದು ಲೆಕ್ಕಕ್ಕೇ ಇಲ್ಲವೆಂದು ಧೈರ್ಯಪಟ್ಟೆ.

ಮೂರೂ ಪೈಗಳನ್ನು ಹೂಡಿ ಮೊದಲ ಬಾರಿ ಓಡಿಸಿದಾಗ ಮಾದರಿ ತುಂಬಿಕೊಳ್ಳುವುದಕ್ಕೇ ಆರೇಳು ನಿಮಿಷ ಹಿಡಿಯಿತು, ಏಕೆಂದರೆ ಮುಖ್ಯ ಪೈ ಸಹಾಯಕರ ಪಾಲಿನ ತೂಕಾಂಕಗಳನ್ನು ಪ್ರತಿಸಲವೂ ವೈಫೈ ಮೇಲೆಯೇ ಕಳುಹಿಸುತ್ತದೆ. ಸಹಾಯಕ ಸರ್ವರ್‌ಗೆ ತೂಕಾಂಕಗಳನ್ನು ತನ್ನಲ್ಲೇ ಉಳಿಸಿಕೊಳ್ಳುವಂತೆ ಹೇಳುವ ಒಂದು ಆಯ್ಕೆಯಿದೆ; ಅದನ್ನು ಹಚ್ಚಿದ ಮೇಲೆ ಎರಡನೆಯ ಬಾರಿಯಿಂದ ಈ ಕಾಯುವಿಕೆ ತಪ್ಪಿತು. ಕನ್ನಡದ ಮೊದಲ ವಾಕ್ಯ ಪರದೆಯ ಮೇಲೆ ತೊಟ್ಟಿಕ್ಕಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ. ಆದರೆ ಅದು ತೊಟ್ಟಿಕ್ಕಿದ ಬಗೆ ವಿಚಿತ್ರವಾಗಿತ್ತು: ನಾಲ್ಕು ಟೋಕನ್ ಸರಾಗವಾಗಿ ಬರುತ್ತಿದ್ದವು, ಐದನೆಯದು ತಡೆಯುತ್ತಿತ್ತು, ಮತ್ತೆ ಎರಡು ಬರುತ್ತಿದ್ದವು. ಸರಾಸರಿ ವೇಗ ಒಂದು ಓಟದಲ್ಲಿ ಸೆಕೆಂಡಿಗೆ 0.8 ಟೋಕನ್, ಮರು ಓಟದಲ್ಲಿ 0.5.

ಮೊದಲು ಅನುಮಾನಿಸಿದ್ದು ಬಿಸಿಯನ್ನು. ಏಪ್ರಿಲ್‌ನ ಮಧ್ಯಾಹ್ನ, ಮೇಲೆ ಬಿಸಿಲಿಗೆ ಕಾದ ತಾರಸಿ. ಟಿವಿಯ ಹಿಂದಿದ್ದ ಪೈ 5ಕ್ಕೆ ಫ್ಯಾನ್ ಇರಲಿಲ್ಲ, ಅದು 80 ಡಿಗ್ರಿ ದಾಟಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ಫ್ಯಾನ್ ಇರುವ ಹೀಟ್ ಸಿಂಕ್ ತಂದು ಕೂರಿಸಿದೆ. ಬಿಸಿ ಇಳಿಯಿತು, ಆದರೆ ಸ್ಥಿತಿ ಕೇಳಿದಾಗ ಪೈ 50005 ಎಂಬ ಸಂಕೇತವನ್ನೇ ಹೇಳುತ್ತಿತ್ತು. ಅದರ ಅರ್ಥ, ಈ ಕ್ಷಣದಲ್ಲಿ ವೋಲ್ಟೇಜ್ ಕಡಿಮೆಯಿದೆ, ಅದರಿಂದ ವೇಗ ತಗ್ಗಿದೆ, ಹಿಂದೆಯೂ ಎರಡೂ ಆಗಿವೆ ಎಂದು. ಅದಕ್ಕೆ ಹಾಕಿದ್ದದ್ದು ಮೊಬೈಲಿನ ಚಾರ್ಜರ್, ಜೊತೆಗೆ ಎರಡು ಮೀಟರಿನ ತೆಳುವಾದ ಕೇಬಲ್. ಪೈ 5 ಕೇಳುವುದು 5 ವೋಲ್ಟಿನಲ್ಲಿ 5 ಆಂಪಿಯರ್; ಸಾಮಾನ್ಯ ಮೊಬೈಲ್ ಚಾರ್ಜರುಗಳು ಒಟ್ಟು ವ್ಯಾಟ್ ಎಷ್ಟೇ ಬರೆದುಕೊಂಡಿದ್ದರೂ 5 ವೋಲ್ಟಿನಲ್ಲಿ 3 ಆಂಪಿಯರ್ ಮೀರುವುದು ಅಪರೂಪ. 27 ವ್ಯಾಟಿನ ಅಡಾಪ್ಟರ್ ಹಾಕಿದ ಮೇಲೆ ಸಂಕೇತ ಸೊನ್ನೆಗೆ ಬಂತು. ತಡೆತಡೆದು ಬರುವ ರೋಗ ಮಾತ್ರ ಅರ್ಧದಷ್ಟೂ ಗುಣವಾಗಲಿಲ್ಲ.

ಆಮೇಲೆ ಪಿಂಗ್ ಮಾಡಿ, ಅಂದರೆ ಇನ್ನೊಂದು ಯಂತ್ರಕ್ಕೆ ಪುಟ್ಟ ಸಂದೇಶ ಕಳುಹಿಸಿ ಉತ್ತರಕ್ಕೆ ಹಿಡಿಯುವ ಸಮಯವನ್ನು ಅಳೆದು, ನೋಡಿದೆ. ಸೆಕೆಂಡಿಗೊಂದರಂತೆ ಪಿಂಗ್ ಕಳುಹಿಸಿದಾಗ 4 ಮಿಲಿಸೆಕೆಂಡ್, 87, 5, 104, 61 ಎಂದು ಉತ್ತರಗಳು ಬಂದವು. ಸೆಕೆಂಡಿಗೆ ಹತ್ತಿಪ್ಪತ್ತು ಪಿಂಗ್ ಕಳುಹಿಸಿದರೆ ಎಲ್ಲವೂ 3-4 ಮಿಲಿಸೆಕೆಂಡಿನಲ್ಲೇ! ಕೇಳುವವನು ಅವಸರ ಮಾಡಿದಷ್ಟೂ ಜಾಲ ಚುರುಕಾಗುವ ಈ ಒಗಟು ನನ್ನನ್ನು ಎರಡು ದಿನ ಕಾಡಿತು. ಕಾರಣ ವೈಫೈನ ವಿದ್ಯುತ್ ಉಳಿತಾಯದ ಏರ್ಪಾಡು. ಕೆಲಹೊತ್ತು ಸಂದೇಶ ಬಾರದಿದ್ದರೆ ಪೈನ ರೇಡಿಯೋ ನಿದ್ದೆಗೆ ಜಾರುತ್ತದೆ. ಆಗ ಅದಕ್ಕೆ ಬಂದ ಪೊಟ್ಟಣಗಳನ್ನು (ಜಾಲದಲ್ಲಿ ಸಾಗುವ ಮಾಹಿತಿಯ ತುಂಡುಗಳನ್ನು) ರೂಟರ್ ತನ್ನ ಬಳಿಯೇ ಇಟ್ಟುಕೊಂಡು, ಸುಮಾರು 102 ಮಿಲಿಸೆಕೆಂಡಿಗೊಮ್ಮೆ ಹೊರಡಿಸುವ ಬೀಕನ್ ಸಂಕೇತದಲ್ಲಿ "ನಿನಗೊಂದು ಬಂದಿದೆ" ಎಂದು ಸಾರುತ್ತದೆ. ನಿದ್ದೆಯಿಂದೆದ್ದು ಆ ಬೀಕನ್ ಕೇಳಿಸಿಕೊಂಡ ಮೇಲೆಯೇ ಪೈ ಪೊಟ್ಟಣವನ್ನು ಕೇಳಿ ಪಡೆಯುವುದು. ನನ್ನ ಸಾಲುಜೋಡಣೆಗೆ ಇದಕ್ಕಿಂತ ಕೆಟ್ಟ ಹೊಂದಿಕೆ ಇರಲಾರದು: ಮುಖ್ಯ ಪೈ ತನ್ನ ಪಾಲಿನ ಪದರಗಳನ್ನು ಮುಗಿಸಲು ತೆಗೆದುಕೊಳ್ಳುವ ಅರ್ಧ ಸೆಕೆಂಡ್ ಸಹಾಯಕನ ರೇಡಿಯೋ ಕಣ್ಣುಮುಚ್ಚುವುದಕ್ಕೆ ಹೇಳಿಮಾಡಿಸಿದ ಬಿಡುವು. ಪ್ರತಿ ಟೋಕನ್‌ಗೂ ನಾನು ಮಲಗಿದವನನ್ನು ಎಬ್ಬಿಸುತ್ತಿದ್ದೆ. ಜಾಲದ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ತಂತ್ರಾಂಶದಲ್ಲಿ ಆ ಸಂಪರ್ಕದ ವಿದ್ಯುತ್ ಉಳಿತಾಯವನ್ನು ಕಾಯಂ ಆಗಿ ನಿಲ್ಲಿಸಿದ ಕೂಡಲೇ ಟೋಕನ್‌ಗಳು ಸಮನಾದ ಅಂತರದಲ್ಲಿ ಬೀಳತೊಡಗಿದವು. ಬ್ಯಾಟರಿಯಿಲ್ಲದ, ಸದಾ ಗೋಡೆಯ ಕರೆಂಟಿನಲ್ಲಿರುವ ಯಂತ್ರದಲ್ಲಿ ಈ ಉಳಿತಾಯ ತಾನಾಗಿಯೇ ಚಾಲೂ ಇರುವುದು ಏಕೆಂದು ನನಗಂತೂ ಅರ್ಥವಾಗಿಲ್ಲ.

ಸಮನಾದವು ನಿಜ, ಆದರೆ ಲೆಕ್ಕಕ್ಕಿಂತ ನಿಧಾನವಾಗಿಯೇ ಉಳಿದವು. ಟೋಕನ್‌ಗೆ 30 ಕಿಲೋಬೈಟ್ ಎಂದು ಎಣಿಸಿದ್ದೆನಲ್ಲ, ಜಾಲದಲ್ಲಿ ಹರಿದದ್ದನ್ನು ಅಳೆದರೆ ಅದರ ಸುಮಾರು ಹತ್ತು ಪಟ್ಟು ಇತ್ತು. ತಂತ್ರಾಂಶದ ಮೂಲವನ್ನು ತೆರೆದು ಓದಿದಾಗ ಸಂಗತಿ ತಿಳಿಯಿತು. ನಾನು ಕಟ್ಟಿದ ಆವೃತ್ತಿ ಪ್ರತಿ ಟೋಕನ್‌ಗೂ ಸಂಖ್ಯೆಗಳ ಜೊತೆಗೆ, ಯಾವ ಲೆಕ್ಕದ ನಂತರ ಯಾವ ಲೆಕ್ಕ ಮಾಡಬೇಕು ಎಂಬ ಪೂರ್ಣ ವಿವರಣೆಯನ್ನೂ ಹೊಸದಾಗಿ ಕಳುಹಿಸುತ್ತದೆ. ಒಂದೊಂದು ಹೆಜ್ಜೆಯ ವಿವರಣೆಗೆ 300 ಬೈಟ್‌ಗೆ ಹತ್ತಿರ, ಪದರಕ್ಕೆ ಅಂಥ ಹತ್ತಾರು ಹೆಜ್ಜೆಗಳು. ಪ್ರತಿದಿನ ಅದೇ ಅಡುಗೆ ಮಾಡುವವರಿಗೆ ಪ್ರತಿದಿನವೂ ಮಾಡುವ ವಿಧಾನವನ್ನು ಪೂರ್ತಿ ಬರೆದು ಕೊಟ್ಟ ಹಾಗೆ. 5 ಗಿಗಾಹರ್ಟ್ಸ್ ಸಂಪರ್ಕವಿದ್ದ ಟಿವಿಯ ಪೈಗೆ ಇದು ಮೂವತ್ತು ಮಿಲಿಸೆಕೆಂಡಿನ ಮಾತು. ಕೆಳಗಿನ ಪೈ 4ಕ್ಕೆ ಹಾಗಲ್ಲ: ನಡುವೆ ಒಂದು ಕಾಂಕ್ರೀಟ್ ಚಾವಣಿ, ಎರಡು ಗೋಡೆ; ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ತಲುಪುತ್ತಿತ್ತು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ, ಮತ್ತು ನಮ್ಮ ಬೀದಿಯ ಒತ್ತೊತ್ತಾದ ಮನೆಗಳ ರೂಟರುಗಳೆಲ್ಲ ಆ ಮೂರರಲ್ಲೇ ನೂಕಾಡುತ್ತಿದ್ದವು. ಸಂಜೆ ಕ್ರಿಕೆಟ್ ಪಂದ್ಯವಿದ್ದ ದಿನ ಪೈ 4ರ ಸರದಿ ಬಂದಾಗಲೆಲ್ಲ ಸಾಲು ನಿಂತೇಬಿಡುತ್ತಿತ್ತು.

ಅದಕ್ಕಿಂತ ಮುಖ್ಯವಾದ ಇನ್ನೊಂದು ತಪ್ಪು ನನ್ನದೇ ಜೋಡಣೆಯಲ್ಲಿತ್ತು. ವೈಫೈನಲ್ಲಿರುವ ಎರಡು ಯಂತ್ರಗಳು ನೇರವಾಗಿ ಮಾತಾಡುವುದಿಲ್ಲ, ಪ್ರತಿ ಪೊಟ್ಟಣವೂ ರೂಟರಿಗೆ ಹೋಗಿ ಅಲ್ಲಿಂದ ಮರಳಿ ಗಾಳಿಗೆ ಬರುತ್ತದೆ. ಒಂದೇ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದಾದ್ದರಿಂದ ಎರಡು ಪಟ್ಟು ಸಮಯ ಖರ್ಚಾಗುತ್ತದೆ. ಮೂರು ಯಂತ್ರಗಳಿದ್ದಾಗ ಒಬ್ಬ ಸಹಾಯಕನಿಂದ ಇನ್ನೊಬ್ಬನಿಗೆ ಹೋಗಬೇಕಾದ ಫಲಿತಾಂಶವೂ ಮುಖ್ಯ ಪೈಗೆ ಬಂದೇ ಹೋಗುತ್ತದೆ, ಅಂದರೆ ಇನ್ನೆರಡು ಸುತ್ತು. ಮುಖ್ಯ ಪೈಯನ್ನು ಮೇಜಿನಿಂದ ಎತ್ತಿ ರೂಟರಿನ ಪಕ್ಕಕ್ಕೇ ತಂದು, ಅರ್ಧ ಮೀಟರಿನ ಕೇಬಲ್‌ನಿಂದ ನೇರವಾಗಿ ಸಿಕ್ಕಿಸಿದೆ. ಗೋಡೆಗೆ ತೂತಿಲ್ಲ, ಮಾಲೀಕರ ಷರತ್ತಿಗೂ ಭಂಗವಿಲ್ಲ. ಇದರಿಂದ ಪ್ರತಿ ಪೊಟ್ಟಣದ ಗಾಳಿಯ ಪ್ರಯಾಣ ಒಂದಕ್ಕೆ ಇಳಿಯಿತು. ಎಲ್ಲವೂ ಗಾಳಿಯ ಮೇಲೆಯೇ ನಡೆಯಬೇಕೆಂಬ ನನ್ನ ಮೊದಲ ಸಂಕಲ್ಪಕ್ಕೆ ಇದು ಸ್ವಲ್ಪ ಮೋಸವೇ ಸರಿ, ಆದರೆ ಸಂಕಲ್ಪಕ್ಕೋಸ್ಕರ ತಂದೆಯವರನ್ನು ಕಾಯಿಸುವಂತಿರಲಿಲ್ಲ.

ಆಮೇಲೆ ಮಾಡಿದ ಒಂದು ಪ್ರಯೋಗ ನನ್ನ ಎಣಿಕೆಯನ್ನೇ ತಲೆಕೆಳಗು ಮಾಡಿತು. ಪೈ 4ರ ಪಾಲಿನ ಪದರಗಳನ್ನು ಎರಡು ಪೈ 5ಗಳಿಗೆ ಹಂಚಿ, ಅದನ್ನು ಸಾಲಿನಿಂದ ಹೊರಗಿಟ್ಟೆ. 8 ಜಿಬಿಯದ್ದಕ್ಕೆ 30 ಪದರ ಮತ್ತು ಕೊನೆಯ ಶಬ್ದಭಂಡಾರದ ಲೆಕ್ಕ, 4 ಜಿಬಿಯದ್ದಕ್ಕೆ 18 ಪದರ, ಅಂದರೆ ಸುಮಾರು 2.4 ಜಿಬಿ. ವೇಗ ಸೆಕೆಂಡಿಗೆ 0.85 ಟೋಕನ್ ಇದ್ದದ್ದು 1.15ಕ್ಕೆ ಏರಿತು. ಒಬ್ಬ ಆಳನ್ನು ಕಳೆದರೆ ಕೆಲಸ ಬೇಗ ಮುಗಿಯಿತು! ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಸಾಲುಜೋಡಣೆಯಲ್ಲಿ ಎಲ್ಲರ ಸಮಯವೂ ಕೂಡಿಕೊಳ್ಳುತ್ತದೆ, ಪೈ 4ರ ಮೆಮೊರಿಯ ಹರಿವು ಪೈ 5ರದ್ದಕ್ಕಿಂತ ಬಹಳ ಕಡಿಮೆ, ಹಾಗಾಗಿ ಅದಕ್ಕೆ ಕೊಟ್ಟ ಪ್ರತಿ ಪದರವೂ ದುಬಾರಿ. ಜಾಗ ಸಾಲದಿದ್ದಾಗ ಮಾತ್ರ ಅದನ್ನು ಕರೆಯಬೇಕಿತ್ತು, ನಾನು ಇದೆಯಲ್ಲಾ ಎಂದು ಕರೆದಿದ್ದೆ. ಹಳೆಯ ಫೋನಿನ ಕಥೆ ಇನ್ನೂ ಚಿಕ್ಕದು. ಟರ್ಮಕ್ಸ್ ಎಂಬ ಆ್ಯಪ್‌ನಲ್ಲಿ ಸರ್ವರ್ ಕಟ್ಟಿ ನಡೆಸಿದ್ದಾಯಿತು, ಪರದೆ ಆರಿದ ಕೆಲಹೊತ್ತಿಗೆ ಆಂಡ್ರಾಯ್ಡ್ ಅದನ್ನು ಕೊಲ್ಲುತ್ತಿತ್ತು, ಎಚ್ಚರವಾಗಿರಿಸಿದರೆ ಬೆನ್ನು ಸುಡುತ್ತಿತ್ತು. ಹಿಂಬದಿಯ ಮುಚ್ಚಳ ತುಸು ಉಬ್ಬಿದಂತೆ ಕಂಡ ದಿನವೇ ಅದನ್ನು ಸೇವೆಯಿಂದ ಬಿಡಿಸಿದೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಇಪ್ಪತ್ನಾಲ್ಕು ಗಂಟೆ ಚಾರ್ಜಿನಲ್ಲಿಡುವ ಸಾಹಸವನ್ನು ಯಾರೂ ಮಾಡಬಾರದು.

ಎರಡನೆಯ ಬಗೆಯನ್ನೂ, ಅಂದರೆ ಪದರಗಳನ್ನು ಸೀಳಿ ಹಂಚುವುದನ್ನೂ, ನೋಡದೆ ಬಿಡಲು ಮನಸ್ಸಾಗಲಿಲ್ಲ. ಇದಕ್ಕೆಂದೇ ಇರುವ ಡಿಸ್ಟ್ರಿಬ್ಯೂಟೆಡ್ ಲಾಮಾ ಎಂಬ ಮುಕ್ತ ತಂತ್ರಾಂಶವಿದೆ. ಅದರಲ್ಲಿ ಯಂತ್ರಗಳ ಸಂಖ್ಯೆ 1, 2, 4, 8 ಹೀಗೆ ಇರಬೇಕು. ನನ್ನ ಜೆಮ್ಮಾ ಅದರಲ್ಲಿ ಓಡದ ಕಾರಣ ಲಾಮಾ 3.1ರ 800 ಕೋಟಿ ನಿಯತಾಂಕಗಳ ಮಾದರಿಯಿಂದ ಪರೀಕ್ಷಿಸಿದೆ. ಆ ಮಾದರಿಗೆ 32 ಪದರ, ಪದರಕ್ಕೆ ಎರಡು ಕೂಡಿಕೆ, ಅಂದರೆ ಒಂದು ಟೋಕನ್ ಹುಟ್ಟುವಷ್ಟರಲ್ಲಿ ಎರಡೂ ಯಂತ್ರಗಳು 64 ಬಾರಿ ಒಂದಕ್ಕೊಂದು ಕಾಯಬೇಕು. ಒಂದೇ ಪೈ 5ರಲ್ಲಿ ಟೋಕನ್‌ಗೆ ಸುಮಾರು ಅರ್ಧ ಸೆಕೆಂಡ್ ಬೇಕಾಗುತ್ತಿತ್ತು. ಇಬ್ಬರು ಹಂಚಿಕೊಂಡಾಗ ಲೆಕ್ಕದ ಸಮಯ ಅರ್ಧಕ್ಕಿಳಿಯಿತು, ಆದರೆ ವೈಫೈನಲ್ಲಿ ಪ್ರತಿ ಕಾಯುವಿಕೆಗೂ ಸರಾಸರಿ 3 ಮಿಲಿಸೆಕೆಂಡಿನಂತೆ ಸುಮಾರು 200 ಮಿಲಿಸೆಕೆಂಡ್ ಸೇರಿಕೊಂಡು, ಗಳಿಸಿದ್ದರಲ್ಲಿ ಹೆಚ್ಚುಪಾಲು ಗಾಳಿಗೆ ಹೋಯಿತು. ಒಂದು ಭಾನುವಾರ ಎರಡನ್ನೂ ಕೇಬಲ್‌ನಿಂದ ರೂಟರಿಗೆ ಸಿಕ್ಕಿಸಿ ನೋಡಿದಾಗ ಅದೇ ಜೋಡಿ ಟೋಕನ್‌ಗೆ 0.3 ಸೆಕೆಂಡಿಗಿಂತಲೂ ಕಡಿಮೆ ತೆಗೆದುಕೊಂಡಿತು. ಗಮನಿಸಬೇಕಾದದ್ದು, ಇಲ್ಲಿ ವೈಫೈನ ಅಗಲ ಸಾಲದೆ ಹೋದದ್ದಲ್ಲ. ಸಾಗಿಸಬೇಕಾದ ಮಾಹಿತಿ ಒಂದು ಸಣ್ಣ ಫೋಟೋದಷ್ಟೂ ಇರಲಿಲ್ಲ. ಅರವತ್ನಾಲ್ಕು ಸಲ ಬಾಗಿಲು ತಟ್ಟಿ ಉತ್ತರಕ್ಕೆ ನಿಲ್ಲುವುದೇ ಸಮಯ ತಿಂದದ್ದು. ಹೆಚ್ಚು ವೇಗದ ಪ್ಲಾನ್ ತೆಗೆದುಕೊಳ್ಳಿ, ದುಬಾರಿ ರೂಟರ್ ಕೊಳ್ಳಿ ಎಂದು ಸ್ನೇಹಿತರು ಕೊಟ್ಟ ಸಲಹೆಗಳನ್ನು ನಾನು ಕೈಬಿಟ್ಟದ್ದು ಈ ಅಂಕಿ ಕಂಡ ಮೇಲೆ. ಇಂಟರ್‌ನೆಟ್ ಪ್ಲಾನಿಗಂತೂ ಮನೆಯೊಳಗಿನ ಈ ಮಾತುಕತೆಗೆ ಸಂಬಂಧವೇ ಇಲ್ಲ.

ಹಾಗಾದರೆ ಬಾಗಿಲು ತಟ್ಟುವುದನ್ನೇ ಕಡಿಮೆ ಮಾಡಬಹುದೇ? ಸಾಲುಜೋಡಣೆಯಲ್ಲಿ ಅದಕ್ಕೊಂದು ಉಪಾಯವಿದೆ. ಮುಖ್ಯ ಪೈನಲ್ಲಿ ಜೆಮ್ಮಾದ 100 ಕೋಟಿ ನಿಯತಾಂಕಗಳ ಪುಟ್ಟ ಮಾದರಿಯನ್ನೂ ಇಟ್ಟು, ಅದು ಮುಂದಿನ ನಾಲ್ಕೈದು ಟೋಕನ್‌ಗಳನ್ನು ಊಹಿಸುವಂತೆ ಮಾಡಿ, ಆ ಊಹೆಗಳನ್ನೆಲ್ಲ ದೊಡ್ಡ ಮಾದರಿ ಒಂದೇ ಸುತ್ತಿನಲ್ಲಿ ಪರೀಕ್ಷಿಸುವುದು. ಸರಿಯಾದವನ್ನು ಉಳಿಸಿಕೊಂಡು ತಪ್ಪಿದಲ್ಲಿಂದ ಮುಂದುವರಿದರೆ ಉತ್ತರ ದೊಡ್ಡ ಮಾದರಿಯದ್ದೇ ಆಗಿರುತ್ತದೆ, ಸುತ್ತುಗಳು ಕಡಿಮೆಯಾಗುತ್ತವೆ. ಇಂಗ್ಲಿಷ್ ಉತ್ತರಗಳಲ್ಲಿ ಇದು ಚೆನ್ನಾಗಿಯೇ ಫಲಿಸಿತು. ಕನ್ನಡದಲ್ಲಿ ಹಾಗಾಗಲಿಲ್ಲ: ಪುಟ್ಟ ಮಾದರಿಯ ಕನ್ನಡ ಎಷ್ಟು ದುರ್ಬಲವೆಂದರೆ ಅದರ ಊಹೆಗಳಲ್ಲಿ ಬಹುಪಾಲು ತಿರಸ್ಕೃತವಾಗುತ್ತಿದ್ದವು. ಮೇಲಾಗಿ ಐದು ಟೋಕನ್‌ಗಳನ್ನು ಒಟ್ಟಿಗೆ ಪರೀಕ್ಷಿಸುವುದು ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಒಂದರಷ್ಟೇ ಅಗ್ಗವಾದರೂ ಪೈನ ನಾಲ್ಕು ಕೋರ್‌ಗಳಿಗೆ ಅಲ್ಲ. ಲಾಭ ಶೇಕಡಾ ಐದನ್ನೂ ಮುಟ್ಟದ ಕಾರಣ ತೆಗೆದುಹಾಕಿದೆ. ಸಂಧಿ, ವಿಭಕ್ತಿಗಳನ್ನು ಸರಿಯಾಗಿ ಕಲಿತ ಪುಟ್ಟ ಕನ್ನಡ ಮಾದರಿಯೊಂದು ಸಿಕ್ಕಿದ ದಿನ ಇದನ್ನು ಮತ್ತೆ ಹೂಡುತ್ತೇನೆ.

ಪತ್ರ ಓದುವ ಹಂತದ ಬಗ್ಗೆ ಒಂದು ಮಾತು. ನಾನೂರು ಟೋಕನ್‌ಗಳ ಪತ್ರವನ್ನು ಕೊಟ್ಟಾಗ ಅದು ಒಂದೊಂದಾಗಿ ಹೋಗದೆ ಒಟ್ಟಿಗೆ ಸಾಗುತ್ತದೆ, ಗಾಳಿಯ ಮೇಲೆ ಒಂದು ದಿಕ್ಕಿಗೆ 6 ಎಂಬಿಯಷ್ಟು. ಅಲ್ಲಿ ಜಾಲ ತಡೆಯಾಗುವುದಿಲ್ಲ, ಪ್ರೊಸೆಸರ್‌ಗಳೇ ಏದುಸಿರು ಬಿಡುತ್ತವೆ. ಮೊದಲ ಅಕ್ಷರ ಕಾಣಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಪ್ರತಿ ಪತ್ರಕ್ಕೂ ಒಂದೇ ಆಗಿರುವ ಸೂಚನೆಯ ಭಾಗವನ್ನು ಮೊದಲಿಗಿಟ್ಟು, ಅದರ ಲೆಕ್ಕವನ್ನು ಉಳಿಸಿಕೊಳ್ಳುವಂತೆ ಮಾಡಿದ್ದರಿಂದ ಸುಮಾರು ಇಪ್ಪತ್ತು ಸೆಕೆಂಡ್ ಉಳಿಯಿತು. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಚಣದಲ್ಲಿ ಟಿವಿಯ ಹಿಂದಿನ ಪೈ ಮರುಚಾಲನೆಯಾಗಿ ಮುಖ್ಯ ಪೈನ ಕೆಲಸವೂ ಕಡಿದುಬೀಳುತ್ತಿದ್ದುದಕ್ಕೆ, ರೂಟರಿಗಿರುವಂಥದೇ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಹಾಕಿ, ಎರಡೂ ಕಡೆ ಸರ್ವರ್ ತಾನಾಗಿಯೇ ಮತ್ತೆ ಏಳುವಂತೆ ಬರೆದಿಟ್ಟಿದ್ದೇನೆ.

ಈಗ ಮೂರು ತಿಂಗಳಿಂದ ಇದೇ ಜೋಡಿ ನಡೆಯುತ್ತಿದೆ. ತಂದೆಯವರು ಫೋನಿನಲ್ಲಿ ಪತ್ರದ ಫೋಟೋ ತೆಗೆಯುತ್ತಾರೆ, ಅಕ್ಷರ ಗುರುತಿಸುವ ತಂತ್ರಾಂಶ ಅದನ್ನು ಪಠ್ಯವಾಗಿಸುತ್ತದೆ, ಮೂರ್ನಾಲ್ಕು ನಿಮಿಷಗಳಲ್ಲಿ ಐದಾರು ವಾಕ್ಯಗಳ ಕನ್ನಡ ಸಾರಾಂಶ ಬರುತ್ತದೆ. ಪದವೊಂದಕ್ಕೆ ಮೂರು ಸೆಕೆಂಡಿನಂತೆ ಅದು ಮೂಡುವುದನ್ನು ನೋಡಿ ನಾನು ಸಂಕೋಚಪಟ್ಟರೆ, ಕಪ್ಪುಹಲಗೆಯ ಮೇಲೆ ತಾವು ಬರೆಯುತ್ತಿದ್ದುದೂ ಇದೇ ವೇಗದಲ್ಲಿ ಎಂದು ಅವರು ಹೇಳಿದರು. ಅಂಕಿಗಳನ್ನೂ ದಿನಾಂಕಗಳನ್ನೂ ಮಾತ್ರ ಮೂಲ ಪತ್ರದೊಡನೆ ತಾಳೆ ನೋಡದೆ ನಂಬಕೂಡದೆಂದು ಸಾರಾಂಶದ ಪಕ್ಕದಲ್ಲೇ ಮೂಲದ ಸಾಲುಗಳೂ ಕಾಣುವಂತೆ ಮಾಡಿದ್ದೇನೆ. ಅವರು ಕೆಂಪು ಪೆನ್ನು ಹಿಡಿದು ತಾಳೆ ನೋಡುತ್ತಾರೆ, ಕನ್ನಡ ತಪ್ಪಿದ್ದರೆ ಅದನ್ನೂ ತಿದ್ದಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಆ ನೋಟ್‌ಬುಕ್ಕಿನಲ್ಲಿ ಈಗ ಹನ್ನೊಂದು ಪುಟ ತುಂಬಿದೆ. ಪೈ 4 ಮೆಟ್ಟಿಲ ಸಂದಿಗೆ ಮರಳಿ ಸಂಪಿನ ನೀರು ಅಳೆಯುತ್ತಿದೆ.